ತಿಂಗಳು ಮುಂದೆ, ತಾರೀಕು ಹಿಂದೆ

ಹೊಳೆನರಸೀಪುರದ ಪೇಟೆಬೀದಿಯ ವಸಿಷ್ಠ ಮೇಷ್ಟ್ರು ಯಾವ ಕೆಲಸವನ್ನೂ ಕಣ್ಣಿಟ್ಟು ನೋಡಿ ಮಾಡಿದವರಲ್ಲ. ಇದು ನಿಂದೆಯಲ್ಲ, ಅವರ ವೃತ್ತಿಧರ್ಮ. ಅವರು ಟೈಪಿಂಗ್ ಕಲಿಸುತ್ತಿದ್ದವರು. ಬೆರಳು ಕೀಲಿಯ ಮೇಲಿರಬೇಕು, ಕಣ್ಣು ಬೇರೆಲ್ಲೋ ಇರಬೇಕು ಎಂಬುದು ಆ ವಿದ್ಯೆಯ ಮೊದಲ ಪಾಠ. ಕೀಲಿಯ ಕಡೆ ಕಣ್ಣು ಹೊರಳಿಸಿದವರ ಬೆರಳ ಗೆಣ್ಣಿಗೆ ಮರದ ಸ್ಕೇಲಿನಿಂದ ಕುಟ್ಟುತ್ತಿದ್ದರು. ಜಿಲ್ಲೆಯ ಗುಮಾಸ್ತರಲ್ಲಿ ಬಹಳ ಮಂದಿ ಹೀಗೆ ಕುಟ್ಟಿಸಿಕೊಂಡು ಬೆಳೆದವರು. ಎದುರಿಗೆ ಬಂದು ನಿಂತ ಬಡವನ ಮುಖ ನೋಡದೆಯೇ ಅವನ ಅರ್ಜಿಯನ್ನು ವಿಲೇವಾರಿ ಮಾಡುವ ಕಲೆ ನಮ್ಮ ಕಚೇರಿಗಳಿಗೆ ಎಲ್ಲಿಂದ ಬಂತು ಎಂದು ಸಂಶೋಧನೆ ಮಾಡುವವರು ಪೇಟೆಬೀದಿಯಿಂದ ಶುರು ಮಾಡಬಹುದು.

ಕಂಪ್ಯೂಟರ್ ಬಂದು ಟೈಪಿಂಗ್ ಸತ್ತಿತು. ಸತ್ತದ್ದರ ಮೇಲೆ ಬಟ್ಟೆ ಮುಚ್ಚಿ ಅಟ್ಟಕ್ಕೆ ಹಾಕಿದ ಮೇಷ್ಟ್ರು ಒಂದು ಕಂಪ್ಯೂಟರನ್ನೇ ಕೊಂಡು ತಂದರು. ಅವರ ತಂದೆ ಜಾತಕ ಬರೆಯುವುದರಲ್ಲಿ ಹೆಸರಾದವರು. ಆ ವಿದ್ಯೆ ಮಗನಿಗೆ ಇಳಿದಿರಲಿಲ್ಲ. ಆದರೆ ಹುಟ್ಟಿದ ದಿನ, ಹೊತ್ತು, ಊರು ಒತ್ತಿದರೆ ಕುಂಡಲಿಯಿಂದ ಆಯುಷ್ಯದವರೆಗೆ ಎಲ್ಲವನ್ನೂ ಮುದ್ರಿಸಿ ಕೊಡುವ ಸಾಫ್ಟ್‌ವೇರ್ ಒಂದು ಆಗ ಸಿಕ್ಕುತ್ತಿತ್ತು. ತಂದೆಯ ಹೆಸರು ಮತ್ತು ಮಗನ ಬೆರಳು ಕೂಡಿ, ನಡುಮನೆಯಲ್ಲಿ 'ಶ್ರೀ ನರಸಿಂಹ ಕಂಪ್ಯೂಟರ್ ಜಾತಕ ಕೇಂದ್ರ' ಆರಂಭವಾಯಿತು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಕಾಲು ತೊಳೆದು ಬಂದರೆ ಇನ್ನೂ ಒಳ್ಳೆಯದು.

ಆ ಯಂತ್ರ ಮೊಟ್ಟಮೊದಲು ಮುದ್ರಿಸಿದ್ದು ಮೇಷ್ಟ್ರ ಒಬ್ಬಳೇ ಮಗಳು ಶ್ರೀಗೌರಿಯ ಜಾತಕವನ್ನು. ಮೂಲಾ ನಕ್ಷತ್ರ ಎಂದು ಬಂತು. ಮೂಲಾ ನಕ್ಷತ್ರದ ಹುಡುಗಿ ಕಾಲಿಟ್ಟ ಮನೆಯಲ್ಲಿ ಮಾವ ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಮದುವೆ ಮಾತಾಡುವವರಿಗೆಲ್ಲ ಗೊತ್ತಿರುವ ವಿಜ್ಞಾನ. ಅದೇ ನಕ್ಷತ್ರದಲ್ಲಿ ಹುಟ್ಟಿದ ಗಂಡಸಿನಿಂದ ಯಾವ ಮಾವನೂ ಸತ್ತ ವರದಿಯಿಲ್ಲ. ನಕ್ಷತ್ರಗಳಿಗೂ ಹೆಣ್ಣುಮಕ್ಕಳನ್ನು ಕಂಡರೆ ಮಾತ್ರ ರೋಷ.

ಶ್ರೀಗೌರಿ ಅರಕಲಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಅದೇ ಶಾಲೆಯ ಲೆಕ್ಕದ ಮೇಷ್ಟ್ರು ಕೇದಾರ್. ಇಬ್ಬರೂ ಸ್ಟಾಫ್ ರೂಮಿನಲ್ಲಿ ಒಂದೇ ಸೀಮೆಸುಣ್ಣದ ಡಬ್ಬಿಗೆ ಕೈ ಹಾಕಿ ಹಾಕಿ, ಕೊನೆಗೆ ಮದುವೆಯಾಗೋಣ ಎಂಬಲ್ಲಿಗೆ ಬಂದರು. ಕೇದಾರನ ತಂದೆ ಅಪ್ಪಾಜಿ, ನಿವೃತ್ತ ಹೆಡ್‌ಮಾಸ್ಟರು. ಅವರು ಜಾತಕದ ಮೊದಲ ಸಾಲು ಓದಿದವರೇ, "ಹುಡುಗಿ ಬಂಗಾರದಂಥವಳು. ಆದರೆ ನಾನಿನ್ನೂ ಬದುಕಬೇಕು" ಎಂದು ಕಾಗದವನ್ನು ಮಡಿಸಿ ವಾಪಸು ಕೊಟ್ಟರು. ಅಪ್ಪನೆದುರು ಕೇದಾರನಿಗೆ ಲೆಕ್ಕವೂ ಬರುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅಲ್ಲಿಂದೀಚೆಗೆ ಇಬ್ಬರೂ ಸ್ಟಾಫ್ ರೂಮಿನ ಎರಡು ಕಿಟಕಿಗಳಲ್ಲಿ ನಿಂತು ಒಂದೇ ಹೊಂಗೆ ಮರ ನೋಡುತ್ತಿದ್ದರು. ಈಗ ಅಪ್ಪಾಜಿ ಮಗನಿಗೆ ಹಾಸನದಲ್ಲಿ ಬೇರೆ ಹೆಣ್ಣು ಹುಡುಕುತ್ತಿದ್ದಾರೆಂಬ ಸುದ್ದಿಯಿತ್ತು. ಈ ಮಾಘ ದಾಟಿದರೆ ಮರವೂ ಇಲ್ಲ, ಕಿಟಕಿಯೂ ಇಲ್ಲ.

ಹೀಗಿರುವಾಗ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ ಚನ್ನಬಸವಯ್ಯ ತನಗೆ ಹಿಡಿದ ಶನಿ ಯಾವಾಗ ಬಿಡುತ್ತಾನೆ ಎಂದು ಕೇಳಲು ಬಂದ. ಬಿಡುವ ಸೂಚನೆ ಕಾಣಲಿಲ್ಲ. ಅವನು ಬೂದುಬಣ್ಣದ ಪರದೆಯನ್ನೇ ದುರುಗುಟ್ಟಿ ನೋಡಿದ.

"ಸಾಮಿ, ನಿಮ್ದು ಯಾವ ವರ್ಷನ್ನು?"

"ಅಂದರೆ?"

"ಅಂದ್ರೆ ಅಂಗೇ ಕಣ್ರೀ. ಆಸನ್ದಲ್ಲಿ ಎಲ್ಲಾ ಕಡೀಕೂ ಹೊಸಾದು ಬಂದದೆ. ಪರದೆ ಮ್ಯಾಲೆ ಅಸಿರು ಗುಡ್ಡ ಬತ್ತದೆ, ನೀಲಿ ಆಕಾಸ ಬತ್ತದೆ, ನೋಡ್ತಾ ನಿಂತ್ರೆ ಒಟ್ಟೆ ಅಸಿಯಾಕಿಲ್ಲ. ನೀವಿನ್ನೂ ಈ ಮಸಿ ಬಟ್ಟೆ ಇಟ್ಕಂಡಿದ್ದೀರಿ. ಹಳೇ ವರ್ಷನ್ನಲ್ಲಿ ಶನೀನೂ ಹಳಬ, ಬಿಡೂ ಅಂದ್ರೆ ಎಂಗೆ ಬಿಟ್ಟಾನು?"

ಮೇಷ್ಟ್ರಿಗೆ ಅನ್ನ ಇಳಿಯಲಿಲ್ಲ. ಆ ಮಧ್ಯಾಹ್ನದ ಜೊಂಪಿನಲ್ಲಿ ಅವರಿಗೆ ಹಸಿರು ಗುಡ್ಡ ಕಂಡಿತು. ಮರವಿಲ್ಲ, ಮಂದಿಯಿಲ್ಲ, ಮೇಯಲು ಒಂದು ಹಸುವೂ ಇಲ್ಲ. ಹತ್ತಿಯಂಥ ಮೋಡದ ಕೆಳಗೆ ಎಂದೋ ತೀರಿಕೊಂಡ ಅವರ ತಂದೆ ಪಂಚೆಯ ಅಂಚು ಹಾರಿಸಿಕೊಂಡು ಗಾಳಿಗೆ ನಡೆಯುತ್ತಿದ್ದರು. ತಿರುಗಿ ನೋಡಿ, "ಯಾವ ವರ್ಷನ್ನೋ, ಮಗು?" ಎಂದರು. ಮೇಷ್ಟ್ರು ಎಚ್ಚರಾಗಿ ಹಾಸನಕ್ಕೆ ಫೋನು ಮಾಡಿದರು.

ಹಾಸನದ ಕಂಪ್ಯೂಟರ್ ಅಂಗಡಿಯ ರುದ್ರೇಶ ಹೊಸ ವರ್ಷನ್ನಿನ ಸಿ.ಡಿ. ಹಿಡಿದು ಬಂದದ್ದು ಎರಡು ಸಾವಿರದ ನಾಲ್ಕನೇ ಇಸವಿಯ ಆಯುಧಪೂಜೆಯ ದಿನ.

"ಸಾ, ಇವತ್ತು ಮಿಷನ್ ಮುಟ್ಟಂಗಿಲ್ಲ ಅಂತಾರೆ. ನಾಳಿದ್ದು ಬರ್ಲಾ?"

"ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ ಹಾಕಲ್ವೇನಯ್ಯ? ಇದಕ್ಕೂ ಹಾಗೇ. ಹಾಕು."

ರುದ್ರೇಶ ಸಿ.ಡಿ. ತೂರಿಸಿ ಅದೂ ಇದೂ ಒತ್ತಿದ. ಪರದೆ ನೀಲಿಯಾಯಿತು. ಅವನು ಎದ್ದು ನಿಂತ. "ಇದು ನಿಧಾನಕ್ಕೆ ಆಯ್ತದೆ ಸಾ. ನಂಗೆ ಅಂಗ್ಡೀಲಿ ಪೂಜೆ ಅದೆ. ಬೂದುಗುಂಬಳ ಒಡೀಬೇಕು, ಕಡ್ಲೆಪುರಿ ಹಂಚ್ಬೇಕು, ಓನರ್ರು ಕಾಯ್ತಾವ್ರೆ. ಮಧ್ಯ ಮಧ್ಯ ಏನಾರ ಕೇಳ್ತದೆ. ನೋಡ್ಕಂಡು ಈ ದೊಡ್ ಕೀ ಒತ್ತಿ. ಕರೆಂಟ್ ಮಾತ್ರ ತೆಗೀಬ್ಯಾಡಿ."

ಇಷ್ಟು ಹೇಳಿ ಬಸ್ಸಿಗೆ ಓಡಿದ. ಅವನ ಮಾತಿನಲ್ಲಿ 'ನೋಡ್ಕಂಡು' ಎಂಬ ಒಂದು ಪದ ಮೇಷ್ಟ್ರ ಕಿವಿಯ ಹೊರಗೇ ಚಪ್ಪಲಿ ಬಿಟ್ಟು ನಿಂತಿತು.

ನೀಲಿ ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ತೆವಳತೊಡಗಿತು. ಸುದ್ದಿ ತಿಳಿದ ಬೀದಿಯವರು ಹರಿಕಥೆಗೆ ಬಂದಂತೆ ಬಂದು ಗೋಡೆಗೊರಗಿ ಕೂತರು. 'ಇನ್ನು ಮೂವತ್ತೊಂಬತ್ತು ನಿಮಿಷ' ಎಂದಿತ್ತು ಪರದೆ. ಎಲೆ ಅಡಿಕೆ ಒಂದು ಸುತ್ತು ಮುಗಿದು ಎರಡನೆಯದಕ್ಕೆ ಸುಣ್ಣ ಹಚ್ಚುವಾಗಲೂ ಹಾಗೇ ಎಂದಿತ್ತು. "ಮಂತ್ರಿಗಳ ಭಾಷಣ ಇದ್ದ ಹಾಗಿದೆ. ಮುಗೀತು ಅಂದಮೇಲೇ ಶುರುವಾಗೋದು" ಎಂದರು ಎದುರುಮನೆ ರಾಮಣ್ಣ. ಆಮೇಲೆ ಮಾತು ತಾನಾಗಿ ಕಡಿಮೆಯಾಯಿತು. ಪಟ್ಟಿ ತೆವಳುವುದನ್ನು ನೋಡುತ್ತ ನೋಡುತ್ತ ಎಲ್ಲರ ರೆಪ್ಪೆಗಳು ಭಾರವಾದವು. ಬಾಗಿಲಾಚೆ ಬಿಸಿಲು ಹಳದಿಯಾಗಿ, ಹೊಳೆಯ ಕಡೆಯ ಗಾಳಿ ಮಾವಿನೆಲೆಯ ತೋರಣವನ್ನು ಅಲ್ಲಾಡಿಸುತ್ತಿತ್ತು. ಇಡೀ ಬೀದಿ ಒಂದು ನೀಲಿ ಕೊಳದ ದಡದಲ್ಲಿ ತೂಕಡಿಸುತ್ತ ಕೂತ ಹಾಗಿತ್ತು.

ಮೇಷ್ಟ್ರ ಹೆಂಡತಿ ಗೋದಮ್ಮ ಮಾತ್ರ ಎಚ್ಚರವಾಗಿದ್ದರು. ಹಬ್ಬದ ಪೂಜೆಯ ಹೊತ್ತು ಮೀರುತ್ತಿತ್ತು. ಪರದೆಯ ನೆತ್ತಿಗೆ ಚೆಂಡುಹೂವಿನ ಮಾಲೆ ಹಾಕಿ, ಮೌಸ್ ಎಂಬ ಇಲಿಗೆ ಅರಿಸಿನ ಇಟ್ಟು, ಕೀಲಿಮಣೆಗೆ ಸಾಲಾಗಿ ಕುಂಕುಮ ಇಡುತ್ತ ಬಂದರು. ಅಷ್ಟರಲ್ಲಿ ಯಂತ್ರ ಟಿಂಗ್ ಎಂದಿತು.

"ಏನೋ ಕೇಳ್ತಾ ಇದೆ, ನೋಡೀಂದ್ರೆ."

"ನೋಡಬಾರದು ಗೋದೂ, ಒತ್ತಬೇಕು" ಎಂದ ಮೇಷ್ಟ್ರು, ಮಂಗಳಾರತಿಯ ತಟ್ಟೆ ಎಡಗೈಯಲ್ಲಿ, ಕಣ್ಣು ಗೋಡೆಯ ನರಸಿಂಹಸ್ವಾಮಿಯ ಪಟದ ಮೇಲೆ, ಬಲಗೈಯ ಕಿರುಬೆರಳಿನಿಂದ ಕುಂಕುಮ ಹತ್ತಿದ ದೊಡ್ಡ ಕೀಲಿಯನ್ನು ಒತ್ತಿದರು. ಮೂವತ್ತು ವರ್ಷ ಪಳಗಿದ ಬೆರಳು. ಗುರಿ ತಪ್ಪಲಿಲ್ಲ.

ಯಂತ್ರ ಕೇಳಿದ್ದು ಇಷ್ಟೆ: ನಿಮ್ಮದು ಯಾವ ದೇಶ? ಉತ್ತರದ ಜಾಗದಲ್ಲಿ ಅಮೆರಿಕ ಎಂದು ತಾನೇ ಬರೆದುಕೊಂಡು, ಸರಿಯಾ ಎಂದು ಕೇಳಿತ್ತು. ಮೇಷ್ಟ್ರು ಆರತಿ ಎತ್ತಿ ಸರಿ ಎಂದರು. ನಾವು ತಾರೀಕು ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದವರು ತಿಂಗಳು ಮೊದಲು, ತಾರೀಕು ಆಮೇಲೆ. ಹಾಗಾಗಿ ಅವತ್ತಿನಿಂದ ಹೊಳೆನರಸೀಪುರದಲ್ಲಿ ಮೂರನೇ ನವೆಂಬರ್ ಎಂದು ಒತ್ತಿದರೆ ಯಂತ್ರ ಹನ್ನೊಂದನೇ ಮಾರ್ಚ್ ಎಂದು ತಿಳಿಯತೊಡಗಿತು. ತಾರೀಕು ಹನ್ನೆರಡು ದಾಟಿದವರದ್ದು ಮಾತ್ರ ಸರಿಯಾಗಿಯೇ ಇತ್ತು. ಹದಿಮೂರನೆಯ ತಿಂಗಳು ಅಮೆರಿಕದಲ್ಲೂ ಇಲ್ಲವಾದ್ದರಿಂದ ಯಂತ್ರ ಅಲ್ಲಿ ಸೋತು ನಮ್ಮ ದಾರಿಗೆ ಬರುತ್ತಿತ್ತು. ಕಾಗದದ ಮೇಲೆ ಅಂಕಿಗಳು ಮೊದಲು ಹೇಗಿದ್ದವೋ ಹಾಗೇ ಅಚ್ಚಾಗುತ್ತಿದ್ದವು. ಆದ್ದರಿಂದ ಒಂದು ಊರಿನ ಹಣೆಬರಹ ಅದಲುಬದಲಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಸಂಜೆಗೆ ಹಸಿರು ಗುಡ್ಡ ಬಂತು. ತೂಕಡಿಸುತ್ತಿದ್ದವರೆಲ್ಲ ಎದ್ದು ಹಾ ಎಂದರು. ಗುಡ್ಡ ಬಂದ ಸಂಭ್ರಮದಲ್ಲಿ ಪ್ರಿಂಟರು ಮೂಕವಾಯಿತು. ರುದ್ರೇಶ ಮತ್ತೆ ಬಂದು ಅದಕ್ಕೆ ಮಾತು ಬರಿಸಿ ಹೋದ. ಒಂದು ವಾರ ಬಿಟ್ಟು ಅದು ಪ್ರತಿ ಜಾತಕದ ಹಿಂದೆ ಒಂದು ಖಾಲಿ ಹಾಳೆ ಉಗುಳತೊಡಗಿತು. "ಅದು ಮುಂದಿನ ಜನ್ಮದ್ದು" ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಗಿರಾಕಿಗಳು ಅದನ್ನೂ ಮಡಿಸಿ ಇಟ್ಟುಕೊಂಡರು.

ಹೊಸ ವರ್ಷನ್ನಿನ ಮೊದಲ ಫಲಾನುಭವಿ ಚನ್ನಬಸವಯ್ಯನೇ. ಅವನು ಮೂರನೇ ನವೆಂಬರಿನವನು.

"ಸಾಮಿ, ಇನ್ನೊಂದ್ಸಲ ಓದಿ."

"ಶನಿ ಇಲ್ಲ ಚನ್ನಬಸವಯ್ಯ. ಬಿಟ್ಟುಹೋಗಿ ಬಹಳ ದಿನವಾಗಿದೆ ಅಂತ ಬರ್ತಾ ಇದೆ."

"ಬಿಟ್ಟೋಗಿದ್ನಾ! ಇಲ್ದೆ ಇರೋ ಶನಿಗೆ ಎಳ್ಳೆಣ್ಣೆ ಉರಿಸ್ಕಂಡು ಕೂತಿದ್ನಲ್ಲ ಕಣ್ರೀ ನಾನು! ನೋಡುದ್ರಾ, ಗುಡ್ಡ ಬಂದ ತಕ್ಷಣ ಶನಿ ಓದ!"

ಅವನು ತೆಂಗಿನಕಾಯಿಯ ಲಾರಿ ಹೋದ ಕಡೆಗೆಲ್ಲ ಈ ಸುದ್ದಿಯನ್ನೂ ತುಂಬಿ ಕಳಿಸಿದ. ದುದ್ದ, ಮೊಸಳೆ, ಗೊರೂರು ಊರುಗಳಿಂದ ಜನ ಬಂದರು. ನರಸೀಪುರದಲ್ಲಿ ಹೊಸ ವರ್ಷನ್ ಹಾಕಿಸಿ ಗ್ರಹಗಳನ್ನು ಸರಿಮಾಡಿಸುತ್ತಾರಂತೆ ಎಂಬುದು ಬಸ್ಸುಗಳಲ್ಲಿ ಹರಡಿದ ಪಾಠ. ಅರಕಲಗೂಡು ತಾಲ್ಲೂಕಿನ ಕಥೆ ಬೇರೆಯೇ ಆಯಿತು. ಹುಟ್ಟಿದ ದಿನ ಗೊತ್ತಿಲ್ಲದೆ ಶಾಲೆಗೆ ಬಂದ ಮಕ್ಕಳಿಗೆಲ್ಲ ಅಪ್ಪಾಜಿ ಹೆಡ್‌ಮಾಸ್ಟರು ಕಣ್ಣುಮುಚ್ಚಿ ಜೂನ್ ಒಂದನೇ ತಾರೀಕು ಎಂದು ಬರೆದು ದಾಖಲು ಮಾಡಿಕೊಂಡಿದ್ದರು. ಆ ಮಕ್ಕಳೆಲ್ಲ ಈಗ ಮಕ್ಕಳೊಂದಿಗರು. ಅವರಷ್ಟೂ ಜನ ಒಂದೇ ಏಟಿಗೆ ಜನವರಿ ಆರಕ್ಕೆ ಹುಟ್ಟಿ, ಒಂದೇ ಏಟಿಗೆ ರಾಶಿ ಬದಲಿಸಿ, ಒಂದೇ ಏಟಿಗೆ ರಾಜಯೋಗ ಪಡೆದರು. ಅರ್ಧ ತಾಲ್ಲೂಕಿಗೆ ರಾಜಯೋಗ ಬಂದರೂ ಬಸ್‌ಸ್ಟ್ಯಾಂಡಿಗೆ ಮಾತ್ರ ಕುಡಿಯುವ ನೀರು ಬರಲಿಲ್ಲ.

ಆದರೆ ನ್ಯಾಯ ಕೇಳುವವರು ಯಾವ ಕಾಲಕ್ಕೂ ಇರುತ್ತಾರೆ. ಹಿಂದೊಮ್ಮೆ ಪುರಸಭೆಗೆ ಗೆದ್ದಿದ್ದ, ಸೋತಮೇಲೂ ಆ ಗತ್ತು ಬಿಡದ ಕಮಲಾಕ್ಷಮ್ಮ ಇಪ್ಪತ್ತನೇ ತಾರೀಕಿನವರು. ಹೊಸ ವರ್ಷನ್ನಿನಲ್ಲೂ ಅವರ ರಾಹು ಇದ್ದಲ್ಲೇ ಇದ್ದ. ಅವರು ನಾಲ್ಕು ಮನೆಯ ಜಾತಕಗಳನ್ನು ತಾಳೆ ಹಾಕಿ ನೋಡಿ, ತಿಂಗಳ ಮೊದಲರ್ಧದವರಿಗೆ ಮಾತ್ರ ಗ್ರಹಗತಿ ಬದಲಾಗಿರುವುದನ್ನು ಪತ್ತೆ ಮಾಡಿದರು. ಮರುದಿನ ಪೇಟೆಬೀದಿಯಲ್ಲಿ ಹೆಂಗಸರ ಧರಣಿ.

"ಏನ್ ಮೇಷ್ಟ್ರೇ, ತಿಂಗ್ಳ ಮೊದ್ಲಲ್ಲಿ ಉಟ್ಟೋರು ಮಾತ್ರ ನಿಮ್ ನೆಂಟ್ರಾ? ನಾವೇನು ತಿಂಗ್ಳ ಕೊನೇಲಿ ಉಳ್ದಿರೋ ಅಕ್ಕಿನಾ?"

"ಅಮ್ಮಾ, ನಾನೇನು ಮಾಡಲಿ? ಯಂತ್ರ ಹೇಳ್ತದೆ, ನಾನು ಒತ್ತುತೀನಿ."

"ಎಲ್ಲಾ ಆಪೀಸ್ನೋರೂ ಇಂಗೇ ಯೋಳೋದು!"

ಇದು ನಿಜವಾದ್ದರಿಂದ ಮೇಷ್ಟ್ರು ಬಾಗಿಲು ಹಾಕಿಕೊಂಡರು. ಧರಣಿಯವರು ತಾಲ್ಲೂಕು ಕಚೇರಿಗೆ ಹೋಗಿ ಮನವಿ ಕೊಟ್ಟರು. ಮನವಿ ತೆಗೆದುಕೊಂಡ ಸಾಹೇಬರು, ಸೂಕ್ತ ಕ್ರಮ ಜರುಗಿಸುವುದಾಗಿ ಭರವಸೆಯಿತ್ತು, ಸಂಜೆ ಜೀಪು ದೂರ ನಿಲ್ಲಿಸಿ ಮೇಷ್ಟ್ರ ಮನೆಗೆ ಬಂದರು. ಅವರು ಒಂಬತ್ತನೇ ತಾರೀಕಿನವರು. ಪ್ರಮೋಷನ್ ಇದೆ ಎಂದು ಬಂತು. ಅಲ್ಲಿಗೆ ಮನವಿಯ ಮೇಲೆ ಸೂಕ್ತ ಕ್ರಮ ಮುಗಿಯಿತು.

ಇಷ್ಟೆಲ್ಲ ನಡೆದರೂ ಮೇಷ್ಟ್ರಿಗೆ ತಮ್ಮ ಮಗಳ ಜಾತಕವನ್ನು ಹೊಸ ವರ್ಷನ್ನಿಗೆ ಒಪ್ಪಿಸುವ ಧೈರ್ಯ ಬಂದದ್ದು ಪುಷ್ಯ ಮಾಸದಲ್ಲಿ. ಶ್ರೀಗೌರಿಯ ಹುಟ್ಟು ಜುಲೈ ಎಂಟು, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು. ಮೇಷ್ಟ್ರು ಕಣ್ಣುಮುಚ್ಚಿ ಒತ್ತಿದರು. ಪ್ರಿಂಟರು ಕುಂಯ್‌ಗುಟ್ಟಿ ಕಾಗದ ಹೊರಹಾಕಿತು. ಶ್ರವಣ ನಕ್ಷತ್ರ! ಯಾವ ಮಾವನಿಗೂ ಕೂದಲು ಕೊಂಕದಂಥ ಸಾಧು ನಕ್ಷತ್ರ.

"ಗೋದೂ! ಮೂಲಾ ಹೋಯ್ತು ಕಣೇ!"

ಗೋದಮ್ಮ ಕೈ ಒರೆಸಿಕೊಂಡು ಬಂದು ಕಾಗದ ಓದಿದರು. "ಇದೇನು, ಮಂಗಳವಾರ ಅಂತಿದೆ?"

"ಇದ್ದರೆ?"

"ಇವಳು ಹುಟ್ಟಿದ್ದು ಭಾನುವಾರ. ಭಾನುವಾರ ಅಂತಲೇ ಡಾಕ್ಟರು ಇರಲಿಲ್ಲ. ನರ್ಸು ನನ್ನ ಕೈ ಹಿಡ್ಕೊಂಡು, ಸೋಮವಾರದ ತನಕ ತಡ್ಕೊಳಮ್ಮಾ ಅಂದಳು. ನೆನಪಿಲ್ವೇ?"

"ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಿನಗೆ ಮರೆತಿರಬೇಕು."

"ಹೆತ್ತವಳು ನಾನು, ಕಂಪ್ಯೂಟರಲ್ಲ!"

"ನೀನು ಹೆತ್ತಿದ್ದು ಹಳೇ ವರ್ಷನ್ನಲ್ಲಿ" ಎಂದರು ಮೇಷ್ಟ್ರು. ಹೆತ್ತವಳ ಸಾಕ್ಷಿಯನ್ನು ತಳ್ಳಿಹಾಕುವುದಕ್ಕೆ ನಮ್ಮಲ್ಲಿ ಮೊದಲು ಶಾಸ್ತ್ರ ಬೇಕಾಗಿತ್ತು. ಈಗ ವಿದ್ಯುತ್ ಇದ್ದರೆ ಸಾಕಾಯಿತು.

ಶ್ರೀಗೌರಿ ಕಾಗದವನ್ನು ಎರಡು ಸಲ ಓದಿದಳು. ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಲ್ಲಿ ಏನೋ ಎಣಿಸಿದಳು. ಕಾಗದವನ್ನು ಮಡಿಸಿ ಅಪ್ಪನ ಕೈಗೆ ಕೊಟ್ಟು ಒಳಗೆ ಹೋದಳು.

ಮರುದಿನವೇ ಮೇಷ್ಟ್ರು ಅರಕಲಗೂಡಿನ ಬಸ್ಸು ಹತ್ತಿದರು. ಅಪ್ಪಾಜಿ ಜಗುಲಿಯಲ್ಲಿ ಕೂತಿದ್ದರು. ಹೊರಗೆ ಬಿಸಿಲಿದ್ದರೂ ತಲೆಗೆ ಮಂಕಿ ಟೋಪಿ, ಕುತ್ತಿಗೆಗೆ ಮಫ್ಲರ್. ಪಕ್ಕದಲ್ಲಿ ಕುದಿಸಿ ಆರಿಸಿ ಸೋಸಿದ ನೀರು. ಅಪ್ಪಾಜಿಯವರಿಗೆ ಎಂಬತ್ತನಾಲ್ಕು ವರ್ಷ ಆಯುಷ್ಯವೆಂದು ಹಿಂದೆ ಇದೇ ಕಂಪ್ಯೂಟರ್ ಹೇಳಿತ್ತು. ಅರವತ್ತಾರರಲ್ಲಿದ್ದ ಅವರು ಉಳಿದ ವರ್ಷಗಳನ್ನು ಗಾಳಿಗೆ ಒಡ್ಡದೆ ಹಾಗೇ ಕಟ್ಟಿ ಇಟ್ಟುಕೊಂಡಿದ್ದರು. ಸೊಸೆ ಬಂದು ಅದಕ್ಕೆ ಕೈಹಾಕಬಾರದೆಂಬುದೊಂದೇ ಅವರ ಚಿಂತೆ.

ಕಾಗದ ಓದಿ ಕನ್ನಡಕ ಒರೆಸಿಕೊಂಡರು. "ಶ್ರವಣ! ಹಾಗಾದರೆ ಮೊದಲು ಮೂಲಾ ಅಂತ ಯಾಕೆ ಬಂತು?"

"ಹಳೇ ವರ್ಷನ್ನು ಸ್ವಾಮಿ. ಅದಕ್ಕೆ ದೂರದ ನಕ್ಷತ್ರ ಮಬ್ಬುಮಬ್ಬಾಗಿ ಕಾಣ್ತಿತ್ತು."

"ಹೌದು ಹೌದು, ನನಗೂ ಕನ್ನಡಕ ಬದಲಾಯಿಸೋ ತನಕ ಹಾಗೇ ಇತ್ತು" ಎಂದು ಅಪ್ಪಾಜಿ ತಲೆದೂಗಿದರು. ಆಮೇಲೆ ದನಿ ತಗ್ಗಿಸಿ, "ಚನ್ನರಾಯಪಟ್ಟಣದ ಕಡೆಯವರು ಹೇಳ್ತಿದ್ದರು. ಹೊಸದು ಬಹಳ ಉದಾರವಾಗಿದೆಯಂತೆ. ನನ್ನ ಎಂಬತ್ತನಾಲ್ಕು, ತೊಂಬತ್ತು ಗಿಂಬತ್ತು ಆಗೋ ಹಾಗಿದ್ದರೆ..."

"ನಿಶ್ಚಿತಾರ್ಥದ ದಿನವೇ ತೆಗೆದುಕೊಡ್ತೀನಿ, ಬೀಗರೇ!"

ಬೀಗರೇ ಎಂದು ಕರೆಸಿಕೊಂಡ ಅಪ್ಪಾಜಿ ಮಫ್ಲರನ್ನು ಒಂದು ಸುತ್ತು ಸಡಿಲ ಮಾಡಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಕೇದಾರ್ ಉಸಿರು ಬಿಟ್ಟದ್ದು ಬೀದಿಗೆ ಕೇಳಿಸಿತು.

ಮಾಘದ ಒಂದು ಬೆಳಿಗ್ಗೆ ಪೇಟೆಬೀದಿಯ ನಡುಮನೆಯಲ್ಲಿ ನಿಶ್ಚಿತಾರ್ಥ. ಕಂಪ್ಯೂಟರಿಗೂ ಹೊಸ ಮಾಲೆ. ಚನ್ನಬಸವಯ್ಯ ಚೀಲದ ತುಂಬ ಕಾಯಿ ತಂದಿದ್ದ. ಖಾಲಿ ಹಾಳೆಯ ಕಾಯಿಲೆ ನೋಡಲು ಬಂದ ರುದ್ರೇಶನನ್ನು ಹಾಗೇ ಎಲೆ ಮುಂದೆ ಕೂರಿಸಿದ್ದರು. ಧರಣಿ ಹೂಡಿದ್ದ ಕಮಲಾಕ್ಷಮ್ಮನೂ ಕೇಸರಿಬಾತಿನ ಮಟ್ಟಿಗೆ ಹೋರಾಟ ಹಿಂದೆಗೆದುಕೊಂಡು ಬಂದಿದ್ದರು. ಲಗ್ನಪತ್ರಿಕೆ ಓದುವ ಮೊದಲು ಅಪ್ಪಾಜಿ ಗಂಟಲು ಸರಿಮಾಡಿಕೊಂಡರು.

"ವಸಿಷ್ಠರೇ, ಅದೊಂದು ನೋಡಿಬಿಡಿ. ಜನವರಿ ಐದು, ಮೂವತ್ತೊಂಬತ್ತನೇ ಇಸವಿ."

ಮೇಷ್ಟ್ರು ಗೋಡೆಯ ಪಟ ನೋಡುತ್ತ ಒತ್ತಿದರು. ಕಾಗದ ಬಂತು. ಹಿಂದೆ ಖಾಲಿ ಹಾಳೆಯೂ ಬಂತು. ಅಪ್ಪಾಜಿ ಎಲ್ಲರಿಗೂ ಕೇಳಲಿ ಎಂದು ತಾವೇ ಗಟ್ಟಿಯಾಗಿ ಓದತೊಡಗಿದರು. "ಆಯುಷ್ಯ... ಅರವತ್ತೈದು ವರ್ಷ... ಕಾರ್ತೀಕ ಮಾಸ..." ದನಿ ಅಲ್ಲಿಗೆ ನಿಂತಿತು.

"ಯಾವ ಕಾರ್ತೀಕ?" ಎಂದರು ರಾಮಣ್ಣ.

"ಹೋದ ಕಾರ್ತೀಕ" ಎಂದರು ಅಪ್ಪಾಜಿ.

ಯಾರದೋ ಕೈಯಿಂದ ಚಮಚ ಬಿತ್ತು. ಅಪ್ಪಾಜಿ ಎಡಗೈಯಿಂದ ಬಲಗೈಯ ನಾಡಿ ಹಿಡಿದುಕೊಂಡರು.

"ಅಂಗಾದ್ರೆ ಇವ್ರು ಓಗಿ ಮೂರು ತಿಂಗ್ಳಾತು" ಎಂದು ಚನ್ನಬಸವಯ್ಯ ಮರ್ಯಾದೆಗೆ ಎದ್ದು ನಿಂತ. "ಪಾಪ, ಯಾರೂ ತಿಥಿ ಊಟಕ್ಕೂ ಯೋಳಿಲ್ವಲ್ಲಾ."

"ಕಾರ್ತೀಕದಲ್ಲಿ ನನಗೆ ಒಂದು ಜ್ವರ ಬಂದಿತ್ತು" ಎಂದರು ಅಪ್ಪಾಜಿ, ದೂರದಿಂದ ಬಂದಂಥ ದನಿಯಲ್ಲಿ. "ಅದಾದಮೇಲೆ ಊಟ ರುಚಿಸ್ತಿಲ್ಲ. ಮಾತಾಡಿಸಿದರೆ ಜನ ತಿರುಗಿ ನೋಡಲ್ಲ. ಪೆನ್ಷನ್ ಆಫೀಸಿನಲ್ಲಿ, ನೀವು ಬದುಕಿದ್ದೀರಿ ಅನ್ನೋದಕ್ಕೆ ಸಾಕ್ಷಿ ಏನು ಅಂತ ಕೇಳಿದರು. ಆಗ ನಾನು ರೇಗಾಡಿಬಿಟ್ಟೆ. ಈಗ ಗೊತ್ತಾಗ್ತಿದೆ." ಅವರ ಕಣ್ಣು ಪರದೆಯ ಹಸಿರು ಗುಡ್ಡದ ಮೇಲೆ ನೆಟ್ಟಿತು. ಮೋಡ, ಹುಲ್ಲು, ಯಾರೂ ಇಲ್ಲದ ಬೆಳಕು. "ಓಹೋ. ಇದೇನಾ ಆ ಜಾಗ?"

ಅವರ ಕೈ ಇನ್ನೂ ನಾಡಿ ಹುಡುಕುತ್ತಿತ್ತು. ಹೂವಿನ ತಟ್ಟೆ ಹಿಡಿದು ನಿಂತಿದ್ದ ಶ್ರೀಗೌರಿ ಆ ಕೈಯನ್ನು ನೋಡಿದಳು. ಕೇದಾರನನ್ನು ನೋಡಿದಳು. ತಟ್ಟೆ ಕೆಳಗಿಟ್ಟಳು.

"ಸಾರ್, ಹೆದರಬೇಡಿ. ನೀವು ಸತ್ತಿಲ್ಲ."

"ಹೇಗೆ ಹೇಳ್ತೀಯಮ್ಮ?"

"ಕಂಪ್ಯೂಟರು ಅಮೆರಿಕದ ಲೆಕ್ಕದಲ್ಲಿ ಓದ್ತಾ ಇದೆ. ಅಲ್ಲಿ ತಿಂಗಳು ಮುಂದೆ, ತಾರೀಕು ಹಿಂದೆ. ನಿಮ್ಮ ಜನವರಿ ಐದನ್ನ ಅದು ಮೇ ಒಂದು ಅಂದುಕೊಂಡಿದೆ. ನನ್ನ ಜುಲೈ ಎಂಟನ್ನ ಆಗಸ್ಟ್ ಏಳು ಅಂದುಕೊಂಡಿದೆ. ಅಮ್ಮ ಹೇಳಿದ್ದೇ ಸರಿ, ನಾನು ಭಾನುವಾರದವಳು. ನಾನು ಮೂಲಾನೇ."

ರುದ್ರೇಶ ಎಲೆ ಬಿಟ್ಟೆದ್ದು ಎಡಗೈಯಲ್ಲಿ ಇಲಿ ಆಡಿಸಿ ನೋಡಿದ. "ಔದು ಸಾ. ಅಮೇರಿಕ ಅಂತ್ಲೇ ಅದೆ. ನೋಡ್ಕಂಡು ಒತ್ತಿ ಅಂದಿದ್ನಲ್ಲ ಸಾ!"

ವಸಿಷ್ಠ ಮೇಷ್ಟ್ರು ಆರತಿ ತಟ್ಟೆಯ ಹಿಂದೆ ಮುಖ ಮರೆಸಿಕೊಂಡರು. ಗೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೆತ್ತವಳು ಹೇಳಿದ್ದು ಕೇಳಿಸ್ತೇಂದ್ರೆ?" ಎಂದರು. ಕಮಲಾಕ್ಷಮ್ಮ, "ಅಂಗಾರೆ ನಂದೊಂದೇ ಸರ್ಯಾಗಿದ್ದುದ್ದಾ!" ಎಂದು ತಮ್ಮ ರಾಹುವಿನ ಬಗ್ಗೆ ಮೊದಲ ಸಲ ಹೆಮ್ಮೆಪಟ್ಟರು. ಚನ್ನಬಸವಯ್ಯ ಒಬ್ಬ ಮಾತ್ರ ಓಡಿ ಬಂದು ಕಂಪ್ಯೂಟರಿಗೆ ಅಡ್ಡ ನಿಂತ. "ಸಾಮಿ, ನಿಮ್ ಕಾಲಿಗೆ ಬೀಳ್ತೀನಿ, ನಂದು ಅಮೇರಿಕದಲ್ಲೇ ಇರ್ಲಿ!"

"ಲೆಕ್ಕ ಹಾಕಿ ನೋಡಿದ್ದೆ, ನನಗೂ ಗೊತ್ತಿತ್ತಪ್ಪ" ಎಂದ ಕೇದಾರ್. ಅಪ್ಪನೆದುರು ಅವನ ಬಾಯಿಂದ ಬಂದ ಮೊದಲ ಪೂರ್ಣವಾಕ್ಯ ಅದು.

"ಗೊತ್ತಿದ್ದೂ ನನ್ನ ಕೊಲ್ಲಿಸೋಕೆ ಹೊರಟಿದ್ದೆಯೇನೋ?" ಎಂದರು ಅಪ್ಪಾಜಿ. ಬದುಕಿದ್ದೇನೆಂದು ತಿಳಿದ ಕೂಡಲೇ ಸಿಟ್ಟೂ ವಾಪಸು ಬಂದಿತ್ತು. ಆದರೆ ತಾವೇ ನಾಲ್ಕು ಜನರ ಮುಂದೆ ಒಪ್ಪಿದ ಸಂಬಂಧ. ಸ್ವಲ್ಪ ಯೋಚಿಸಿ ಹೇಳಿದರು, "ಒಂದು ಕೆಲಸ ಮಾಡಪ್ಪ ರುದ್ರೇಶ. ನನ್ನದು ಹಳೇ ಲೆಕ್ಕದಲ್ಲಿರಲಿ. ಹುಡುಗೀದು ಅಮೆರಿಕದಲ್ಲಿರಲಿ."

"ಅಂಗಾಗಕಿಲ್ಲ ಸಾ. ಒಂದು ಮಿಷನ್ಗೆ ಒಂದೇ ಸೆಟಿಂಗು."

"ಆಗೋದಾದರೂ ನನಗೆ ಬೇಡ" ಎಂದಳು ಶ್ರೀಗೌರಿ. ದನಿ ಎತ್ತಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. "ಕದ್ದ ನಕ್ಷತ್ರ ಇಟ್ಟುಕೊಂಡು ನಿಮ್ಮನೆಗೆ ಬರೋದಿಲ್ಲ ಅಂತಲೇ ಈಗ ಹೇಳಿದ್ದು. ನೀವೇ ನೋಡಿ ಸಾರ್. ಅಮೆರಿಕದ ಲೆಕ್ಕದಲ್ಲಿ ನಾನು ಶ್ರವಣ, ನೀವು ಹೋಗಿ ಮೂರು ತಿಂಗಳು. ಹೋದವರಿಗೆ ಸೊಸೆ ಬಂದರೇನು, ಬಿಟ್ಟರೇನು? ನಮ್ಮ ಲೆಕ್ಕದಲ್ಲಿ ನಾನು ಮೂಲಾ, ನಿಮಗೆ ಎಂಬತ್ತನಾಲ್ಕು. ಎಂಬತ್ತನಾಲ್ಕು ಖಾತ್ರಿ ಅಂದಮೇಲೆ ನಾನು ಅರವತ್ತಾರಕ್ಕೆ ಹೇಗೆ ನಿಮ್ಮನ್ನ ಕೊಲ್ಲಲಿ? ಎರಡು ಮಾತನ್ನೂ ಹೇಳಿದ್ದು ಒಂದೇ ಯಂತ್ರ. ನಂಬೋದಾದರೆ ಎರಡನ್ನೂ ನಂಬಿ. ಬಿಡೋದಾದರೆ ಎರಡನ್ನೂ ಬಿಡಿ. ನನ್ನನ್ನ ಸಾವಿರ ಸಲ ಬೇಡ ಅನ್ನಿ, ಹೋಗ್ತೀನಿ. ನಕ್ಷತ್ರದ ಹೆಸರಲ್ಲಿ ಬೇಡ ಅನ್ನಬೇಡಿ."

ಅಡ್ಡ ನಿಂತಿದ್ದ ಚನ್ನಬಸವಯ್ಯ ಪಕ್ಕಕ್ಕೆ ಸರಿದ. ಅಪ್ಪಾಜಿ ಕಂಪ್ಯೂಟರಿನ ಮುಂದಿದ್ದ ಕುರ್ಚಿಗೆ ಕುಸಿದು ಕೂತು, ಮಂಕಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೊರಗೆ ಮಾಘದ ಗಾಳಿ. ಎಲ್ಲೋ ದೂರದಲ್ಲಿ ಮೈಸೂರಿನ ರೈಲು ಹೊಳೆ ದಾಟುವ ಸದ್ದು. ಯಾರೂ ಮುಟ್ಟದೆ ಹೊತ್ತಾದ್ದರಿಂದ ಗುಡ್ಡ ಮಾಯವಾಗಿ ಪರದೆ ಕಪ್ಪಾಯಿತು. ಆ ಕಪ್ಪಿನ ಆಳದಿಂದ ಚುಕ್ಕಿಗಳು ಹುಟ್ಟತೊಡಗಿದವು. ಮೊದಲು ಸಾಸಿವೆಯಷ್ಟು, ಆಮೇಲೆ ಅಕ್ಕಿಕಾಳಿನಷ್ಟು, ಒಂದರ ಹಿಂದೊಂದು ಅಪ್ಪಾಜಿಯ ಮುಖಕ್ಕೇ ಗುರಿಯಿಟ್ಟಂತೆ ಹಾರಿ ಬರುತ್ತಿದ್ದವು.

ಅಪ್ಪಾಜಿ ಮೊದಲ ಚುಕ್ಕಿಗೆ ತಲೆ ಓರೆ ಮಾಡಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಮೂರನೆಯದಕ್ಕೆ ಒಂದು ಕಣ್ಣು ಬಿಟ್ಟರು.

"ವಸಿಷ್ಠರೇ, ಇದರಲ್ಲಿ ಮೂಲಾ ಯಾವುದು?"

ಮೇಷ್ಟ್ರು ಆರತಿ ತಟ್ಟೆ ಕೆಳಗಿಟ್ಟು, ಬಂದು ಪಕ್ಕದಲ್ಲಿ ನಿಂತು, ಪರದೆಯನ್ನು ಕಣ್ಣಾರೆ ನೋಡಿದರು.

"ಗೊತ್ತಿಲ್ಲ ಬೀಗರೇ. ನಾನು ನೋಡ್ತಿರೋದೇ ಇವತ್ತು."

ಇಬ್ಬರೂ ನೋಡುತ್ತ ಉಳಿದರು. ನಕ್ಷತ್ರಗಳು ಬರುತ್ತಲೇ ಇದ್ದವು. ಕಿವಿಯ ಪಕ್ಕದಲ್ಲಿ, ಭುಜದ ಮೇಲೆ, ನೆತ್ತಿಯ ಆಚೆ ಹಾದುಹೋಗುತ್ತಲೇ ಇದ್ದವು. ಒಂದೂ ತಾಗಲಿಲ್ಲ. ಅಪ್ಪಾಜಿಯ ಹೆಗಲು ನಿಧಾನವಾಗಿ ಕೆಳಗಿಳಿಯಿತು. ಪರದೆಯಿಂದ ಕಣ್ಣು ತೆಗೆಯದೆಯೇ ಅವರು ಕೈ ಹಿಂದಕ್ಕೆ ಚಾಚಿದರು.

"ಕಾಫಿ ಕೊಡಮ್ಮ. ಸಕ್ಕರೆ ಕಮ್ಮಿ ಹಾಕು, ಎಂಬತ್ತನಾಲ್ಕು ಆಗಬೇಕಲ್ಲ."

"ತರ್ತೀನಿ, ಮಾವ" ಎಂದಳು ಶ್ರೀಗೌರಿ.